ಗಡ್ಡಿಯ ಭತ್ತ ನೋಡಿ ಬಂದೆ

ನಮ್ಮ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ತುಂಗಭದ್ರಾ ಡ್ಯಾಂ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಜಲಾಶಯ ಆದರೆ ನನ್ನ ಹೊಲ ಮುಳುಗುತ್ತದೋ, ದಂಡೆಗೆ ಉಳಿಯುತ್ತದೋ! ಸುತ್ತ ನೀರಿದ್ದಲ್ಲಿ ಬೇಸಾಯ ಹೆಂಗ ಮಾಡ್ತಾರ ನೋಡೋಣಂತ ದೀಪಾವಳಿ ಮುಗಿದ ಮೇಲೆ ವಿರುಪಾಪುರ ಗಡ್ಡಿಗೆ ಹೊರಟೆ. ಗೆಳೆಯರನ್ನು ಕರೆದರೆ ಅವರಿಗೆ ಹಂಪಿ ನೋಡುವ ಆಸೆ. ಒಬ್ಬನೇ ಹೋದೆ.

ಗಂಗಾವತಿಯಲ್ಲಿ ಬಸ್ಸು ಬದಲಿಸಿ, ಸಾಣಾಪುರದ ಕಡೆ ಇಳಿದು ನಡೆದೆ. ಹೊಳೆಯ ನಡುವೆ ಗುಂಡುಗಲ್ಲಿನ ಗುಡ್ಡಗಳು, ಅವುಗಳ ಸಂದಿಯಲ್ಲೇ ಗದ್ದೆ. ಕೊಯ್ದ ಭತ್ತವನ್ನು ಹಾಸುಬಂಡೆಯ ಮೇಲೆ ಒಣಗಿಸಿದ್ದರು. ಕಣ ಮಾಡುವ ಖರ್ಚೇ ಇಲ್ಲ, ನನಗೆ ಹೊಟ್ಟೆಕಿಚ್ಚಾಯಿತು.

‘ಯಾ ಊರು ತಮ್ಮಾ?’ ಎಂದರು ಭತ್ತ ತಿರುವುತ್ತಿದ್ದ ಹಿರಿಯರು. ಊರು ಹೇಳಿ, ‘ಕಾಕಾ, ಹೊಳಿ ಬಂದ್ರ ಏನ್ ಮಾಡ್ತೀರಿ?’ ಎಂದು ಕೇಳಿದೆ.

2019ರ ಆಗಸ್ಟಿನ ಪ್ರವಾಹದಲ್ಲಿ ಇಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ದಿದ್ದರು. ‘ಮಂದೀನ ಒಯ್ದ್ರು. ಎಮ್ಮೀನ ಯಾರು ಎತ್ತಬೇಕು?’ ಎಂದು ಕಾಕಾ ನಕ್ಕರು. ಅವರು ದನಗಳನ್ನು ಬಿಚ್ಚಿ ಎತ್ತರದ ಬಂಡೆ ಕಡೆ ಹೊಡೆದಿದ್ದರಂತೆ. ಕೆಳಗಿನ ಮಡಿಗಳಲ್ಲಿ ನಾಟಿ ಕೊಚ್ಚಿಹೋಗಿ ಮೊಣಕಾಲುದ್ದ ಮರಳು ನಿಂತಿತು. ಅದನ್ನು ಎತ್ತುವುದರಲ್ಲೇ ಬೇಸಿಗೆ ಕಳೆಯಿತು. ಮೇಲಿನ ಮಡಿಗಳಿಗೆ ಏನೂ ಆಗಲಿಲ್ಲ.

ಅಂದಿನಿಂದ ಸಸಿ ಮಡಿಯನ್ನು ಎಲ್ಲಕ್ಕಿಂತ ಎತ್ತರದ ಜಾಗದಲ್ಲೇ ಹಾಕುತ್ತಾರೆ. ನಾಟಿ ಮುಗಿದ ಮೇಲೂ ಒಂದಿಷ್ಟು ಸಸಿ ಉಳಿಸಿಕೊಳ್ಳುತ್ತಾರೆ. ಬೇಗ ಬರುವ ತಳಿಯ ಬೀಜ ಒಂದು ಚೀಲ ಅಟ್ಟದ ಮೇಲೆ ಬೇರೆ. ಹೊಳೆ ಇಳಿದ ಮೇಲೆ ಹದ ಸಿಕ್ಕರೆ ಅದನ್ನೇ ಬಿತ್ತುವುದು. ‘ಬೀಜ ಹುಡುಕ್ಕೊಂತ ಗಂಗಾವತಿಗೆ ಹೋಗೂದ್ರಾಗ ಹದಾ ಆರತೈತಿ’ ಎಂದರು.

ಇಲ್ಲಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಕೆಡವಿದ್ದಾರೆ. ಆಗ ಆಳು ಸಿಗುತ್ತಿರಲಿಲ್ಲ, ಈಗ ಆಳಿಗೆ ಕೂಲಿ ಸಾಲುವುದಿಲ್ಲ ಎಂಬುದು ಕಾಕಾನ ಲೆಕ್ಕ. ಎರಡೂ ಖರೆ ಇರಬಹುದು.

ಹೊಳೆ ಪಕ್ಕದಲ್ಲೇ ಇದ್ದರೂ ಮೇಲಿನ ಮಡಿಗೆ ನೀರೆತ್ತಲು ಅವರಿಗೆ ಮೋಟಾರು ಬೇಕು. ಅತ್ತ ಆನೆಗುಂದಿ, ಗಂಗಾವತಿಯ ವಿಜಯನಗರ ಕಾಲದ ಕಾಲುವೆಗಳಲ್ಲಿ ನೀರು ತಾನಾಗಿ ಹರಿಯುತ್ತದೆ. ದಂಡೆಯ ಹೊಲ ಎಂದರೆ ನೀರಾವರಿ ಹೊಲ ಎಂದುಕೊಂಡಿದ್ದ ನನಗೆ ಇದು ಹೊಸದು.

ಕೊನೆಯ ಬಸ್ಸಿಗೆ ಊರು ಸೇರಿದೆ. ಮರುದಿನ ಪೈಪಿಗೆ ನೀರು ತುಂಬಿ ನನ್ನ ಹೊಲದ ಮಟ್ಟ ನೋಡಿದೆ. ಪಡುವಣ ಬದುವಿಗಿಂತ ಮೂಡಣ ಬದು ಮೂರು ಅಡಿ ಎತ್ತರವಿದೆ.