ನಿಮಗಿದು ಗೊತ್ತೆ? ಅಂಗಿಯ ತೋಳಂಚಿನ ಬಣ್ಣವೇ ಹೆಸರಾದ ರೆಜಿಮೆಂಟ್!

18ನೇ ಶತಮಾನದ ಮಧ್ಯದವರೆಗೂ ಬ್ರಿಟನ್ನಿನ ಬಹುತೇಕ ಕಾಲಾಳು ರೆಜಿಮೆಂಟುಗಳನ್ನು ಅವುಗಳ ಕರ್ನಲ್ ಹೆಸರಿನಿಂದಲೇ ಕರೆಯುತ್ತಿದ್ದರು. ಕರ್ನಲ್ ಬದಲಾದರೆ ರೆಜಿಮೆಂಟಿನ ಹೆಸರೂ ಬದಲಾಗುತ್ತಿತ್ತು.

1740ರ ದಶಕದಲ್ಲಿ ಒಂದು ಪೇಚು ಎದುರಾಯಿತು. ಎರಡು ರೆಜಿಮೆಂಟುಗಳ ಕರ್ನಲ್‌ಗಳೂ ಹೋವರ್ಡ್ ಮನೆತನದ ಹೆಸರಿನವರೇ! ಗುರುತು ಹಿಡಿಯಲು ನೆರವಾದದ್ದು ಸೈನಿಕರ ಕೆಂಪು ಕೋಟಿನ ತೋಳಂಚಿನ ಬಣ್ಣ. ಹಸಿರು ಅಂಚಿನವರು 'ಗ್ರೀನ್ ಹೋವರ್ಡ್ಸ್' ಆದರು. ಮಾಸಲು ಹಳದಿ, ಅಂದರೆ 'ಬಫ್' ಬಣ್ಣದ ಅಂಚಿನವರು 'ಬಫ್ಸ್' ಎಂದೇ ಹೆಸರಾದರು.

1751ರಲ್ಲಿ ರಾಜಾಜ್ಞೆಯ ಮೂಲಕ ರೆಜಿಮೆಂಟುಗಳಿಗೆ ಹಿರಿತನದ ಪ್ರಕಾರ ಸಂಖ್ಯೆ ಬಂತು. ಗ್ರೀನ್ ಹೋವರ್ಡ್ಸ್ 19ನೆಯದು, ಬಫ್ಸ್ 3ನೆಯದು. 1782ರಲ್ಲಿ ಸೇನಾಭರ್ತಿಗೆ ಅನುಕೂಲವಾಗಲೆಂದು ಸಂಖ್ಯೆಯ ಜೊತೆಗೆ ಕೌಂಟಿಗಳ, ಅಂದರೆ ಜಿಲ್ಲೆಗಳ ಹೆಸರನ್ನೂ ಸೇರಿಸಿದರು. 1881ರಲ್ಲಿ ಯುದ್ಧ ಸಚಿವ ಹ್ಯೂ ಚೈಲ್ಡರ್ಸ್ ಸಂಖ್ಯೆಗಳನ್ನು ಕೈಬಿಟ್ಟು ಪ್ರಾದೇಶಿಕ ಹೆಸರುಗಳನ್ನೇ ಕಾಯಂ ಮಾಡಿದರು. ಆದರೂ ಸೈನಿಕರು ತಮ್ಮ ಹಳೆಯ ಸಂಖ್ಯೆಯ ಅಭಿಮಾನವನ್ನು ಸುಲಭವಾಗಿ ಬಿಡಲಿಲ್ಲ.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ತಾಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಬಂದ ಸೇನೆಯಲ್ಲಿ 33ನೇ ರೆಜಿಮೆಂಟ್ ಇತ್ತು. ಅದರ ಲೆಫ್ಟಿನೆಂಟ್ ಕರ್ನಲ್ ಆಗಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಡ್ಯೂಕ್ ಇವನೇ. ಅವನು ತೀರಿಕೊಂಡ ಮರುವರ್ಷ, 1853ರಲ್ಲಿ, ವಾಟರ್ಲೂ ವಿಜಯದ ದಿನವಾದ ಜೂನ್ 18ರಂದು ಆ ರೆಜಿಮೆಂಟಿಗೆ ಅವನ ಹೆಸರನ್ನೇ ಇಡಲಾಯಿತು.

2006ರಲ್ಲಿ ಗ್ರೀನ್ ಹೋವರ್ಡ್ಸ್ ಮತ್ತು ವೆಲ್ಲಿಂಗ್ಟನ್ ಡ್ಯೂಕನ ರೆಜಿಮೆಂಟ್ ಎರಡೂ ಯಾರ್ಕ್‌ಷೈರ್ ರೆಜಿಮೆಂಟಿನಲ್ಲಿ ವಿಲೀನವಾದವು.