ಮಾಲು ಹೇರುವ ಮುಂಚೆ ಲಾರಿ ನೋಡ್ರಿ

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಕೊಯ್ಲು ಬಂತೆಂದರೆ ಬಾಡಿಗೆ ಎಷ್ಟಂತ ಕೇಳುತ್ತೇವೆ, ಗಾಡಿ ಹೇಗಿದೆ ಅಂತ ಕೇಳೋದಿಲ್ಲ. ಗಾಡಿ ಮಾಲೀಕರದ್ದು ಖರೆ. ಆದರೆ ದಾರಿಯಲ್ಲಿ ನಿಂತರೆ ಬಿಸಿಲಿಗೆ ಕೆಡೋದು ನಮ್ಮ ಹಣ್ಣು.

ನಾನು ಮೊದಲು ಕೇಳೋದು ಹವಾ ಬ್ರೇಕಿನ ಸುದ್ದಿ. ಗಾಳಿಯೊಳಗಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ತಳದ ವಾಲ್ವ್ ತೆರೆದು ದಿನಾ ಅದನ್ನು ಬಿಡಬೇಕು. ಇಲ್ಲದಿದ್ದರೆ ವಾಲ್ವುಗಳು ತುಕ್ಕು ಹಿಡಿದು ಬ್ರೇಕು ಕೈಕೊಡುತ್ತದೆ. ನೀರಿನ ಜೊತೆ ಎಣ್ಣೆ ಬಹಳ ಬಂದರೆ ಕಂಪ್ರೆಸರ್ ತೋರಿಸಬೇಕು.

ನಮ್ಮ ಎರೆ ಹೊಲದ ಧೂಳು ಏರ್ ಫಿಲ್ಟರಿಗೆ ವೈರಿ. ಕೆಲವು ಕ್ಲೀನರ್ ಹುಡುಗರು ಅದನ್ನು ಟಾಯರಿಗೆ ಬಡಿದು ಝಾಡಿಸುತ್ತಾರೆ. ಕಾಗದ ಹರಿದರೆ ಧೂಳು ನೇರ ಎಂಜಿನ್ನಿಗೆ ಹೋಗಿ ಪಿಸ್ಟನ್ ರಿಂಗು ತಿನ್ನುತ್ತದೆ. ಫಿಲ್ಟರ್ ಬದಲಿಸೋದೇ ಅಗ್ಗ.

ಟಾಯರ್ ಹವಾ ಗಾಡಿ ಓಡುವ ಮುಂಚೆ ನೋಡಬೇಕು, ಕಾದ ಟಾಯರು ಹೆಚ್ಚು ತೋರಿಸುತ್ತದೆ. ಜೋಡಿ ಟಾಯರಲ್ಲಿ ಒಳಗಿನದನ್ನು ಮರೆಯೋರೇ ಜಾಸ್ತಿ.

ಇನ್ನೊಂದು ನಮಗೇ ಸಂಬಂಧಪಟ್ಟದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ದೊಡ್ಡ ಗಾಡಿಗಳಿಗೆ ಹೊಗೆಯ ವಿಷ ಕಳೆಯಲು ಡಿಇಎಫ್ ಹಾಕುತ್ತಾರೆ. ಅದರಲ್ಲಿ ನೂರಕ್ಕೆ 32.5 ಪಾಲು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. "ಯೂರಿಯಾನೇ ಅಲ್ಲೇನ್ರಿ, ಚೀಲದಾಗಿಂದ ಒಂದೆರಡು ಬೊಗಸಿ ಕೊಡ್ರಿ" ಅಂತ ಡ್ರೈವರ್ ಕೇಳಿದರೆ ಕೊಡಬೇಡಿ. ನಮ್ಮದು ಬೇವಿನೆಣ್ಣೆ ಲೇಪಿಸಿದ್ದು. ಅದರ ಕಲ್ಮಶ ನಳಿಗೆಯಲ್ಲಿ ಗಟ್ಟಿಯಾಗಿ ಸೈಲೆನ್ಸರಿನ ಕ್ಯಾಟಲಿಸ್ಟ್ ಹಾಳಾಗುತ್ತದೆ. ಸಬ್ಸಿಡಿ ಯೂರಿಯಾ ಹೊಲ ಬಿಟ್ಟು ಬೇರೆಡೆ ಬಳಸೋದು ಕಾನೂನಿಗೂ ವಿರುದ್ಧ. ಡಿಇಎಫ್ ಡಬ್ಬಿ ವಿಜಯಪುರದ ಬಂಕುಗಳಲ್ಲೇ ಸಿಗುತ್ತದೆ, ಸೀಲ್ ನೋಡಿ ತಗೊಳ್ಳಲಿ.