ರಾಜಕುಮಾರರ ವಿದ್ಯಾಭವನ: ಅಜ್ಮೀರದ ಮೇಯೋ ಕಾಲೇಜು

1857ರ ಸಂಗ್ರಾಮದ ತರುವಾಯ ದೇಶೀಯ ಸಂಸ್ಥಾನಗಳನ್ನು ಕಬಳಿಸುವ ನೀತಿಯನ್ನು ಕೈಬಿಟ್ಟ ಆಂಗ್ಲಪ್ರಭುತ್ವಕ್ಕೆ, ಆ ಸಿಂಹಾಸನಗಳನ್ನು ಮುಂದೆ ಏರಲಿದ್ದ ಬಾಲಕರ ಮನಸ್ಸನ್ನು ತನ್ನ ಕಡೆಗೆ ಒಲಿಸಿಕೊಳ್ಳುವುದು ಅತ್ಯಾವಶ್ಯಕವೆಂದು ತೋರಿತು. ಅಂತಃಪುರದ ಮುದ್ದಿನಲ್ಲಿಯೂ ಹೊಗಳುಭಟರ ಸಹವಾಸದಲ್ಲಿಯೂ ಬೆಳೆಯುತ್ತಿದ್ದ ರಾಜಕುಮಾರರಿಗಾಗಿ ಇಂಗ್ಲೆಂಡಿನ ಈಟನ್ ಶಾಲೆಯಂಥದೊಂದು ಭಾರತದಲ್ಲಿಯೂ ಬೇಕೆಂದು ಭರತಪುರದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾಗಿ ಪೊಲಿಟಿಕಲ್ ಏಜೆಂಟನಾಗಿದ್ದ ವಾಲ್ಟರ್ 1869ರಲ್ಲಿ ಬರೆದನು. ಮರುವರ್ಷ ಅಜ್ಮೀರದ ದರ್ಬಾರಿನಲ್ಲಿ ವೈಸ್‌ರಾಯ್ ಲಾರ್ಡ್ ಮೇಯೋ ಅದನ್ನೇ ರಜಪೂತ ದೊರೆಗಳ ಮುಂದಿಟ್ಟನು. 1872ರಲ್ಲಿ ಅಂಡಮಾನಿನಲ್ಲಿ ಕೈದಿಯೊಬ್ಬನ ಚೂರಿಗೆ ಬಲಿಯಾದ ಅವನಿಗೆ ಶಾಲೆಯನ್ನು ಕಾಣುವ ಯೋಗ ಬರಲಿಲ್ಲ. 1875ರಲ್ಲಿ ಅವನ ಹೆಸರಿನ ಕಾಲೇಜು ತೆರೆದಾಗ ಮೊದಲನೆಯ ವಿದ್ಯಾರ್ಥಿಯಾಗಿ ಸೇರಿದವನು ಅಲ್ವರಿನ ಮಹಾರಾಜ ಮಂಗಲಸಿಂಗ. ಅವನು ಆನೆಯನ್ನೇರಿ, ನೂರಾರು ಮಂದಿ ಪರಿವಾರದೊಡನೆ ಓದಲು ಬಂದನೆಂದು ಹೇಳುತ್ತಾರೆ.

ಮುಖ್ಯ ಭವನಕ್ಕೆ ಅಸ್ತಿಭಾರ ಹಾಕಿದುದು 1878ರಲ್ಲಿ, ಕೆಲಸ ಮುಗಿದುದು 1885ರಲ್ಲಿ. ನಕ್ಷೆ ಬರೆದ ಸೈನ್ಯದ ಎಂಜಿನಿಯರು ಮೇಜರ್ ಚಾರ್ಲ್ಸ್ ಮ್ಯಾಂಟ್ 1881ರಲ್ಲಿಯೇ ತೀರಿಕೊಂಡನು. ಬಡೋದೆಯ ಲಕ್ಷ್ಮೀವಿಲಾಸ ಅರಮನೆ, ಕೊಲ್ಹಾಪುರದ ಹೊಸ ಅರಮನೆಗಳ ಕಲ್ಪನೆಯೂ ಅವನದೇ. ಮೈಸೂರಿನ ಅಂಬಾವಿಲಾಸವನ್ನು ಕಂಡ ನಮ್ಮವರಿಗೆ ಭಾರತೀಯ ಹಾಗೂ ಪಾಶ್ಚಾತ್ಯ ರೂಪಗಳನ್ನು ಬೆಸೆದ, ಇಂಡೋ-ಸಾರಸೆನಿಕ್ ಎನ್ನಿಸಿಕೊಳ್ಳುವ ಈ ಶೈಲಿ ಅಪರಿಚಿತವಲ್ಲ. ಆದರೆ ಅಜ್ಮೀರದ ಭವನವನ್ನು ಸಮೀಪದಿಂದ ನೋಡಬೇಕು. ಶ್ವೇತಶಿಲೆಯ ಗೋಡೆಯಿಂದ ಮುಂಚಾಚಿದ ಚಜ್ಜಗಳು ಮರುಭೂಮಿಯ ಬಿಸಿಲನ್ನು ತಡೆದು ನೆರಳನ್ನು ಕೆಳಕ್ಕಿಳಿಸುತ್ತವೆ. ಬಳುಕುವ ದಳಗಳ ಕಮಾನುಗಳು ಮೊಗಸಾಲೆಗೆ ಗಾಳಿಯನ್ನು ಬಿಡುತ್ತವೆ. ಮೇಲೆ ಸಾಲುಗೊಂಡ ಛತ್ರಿಗಳೆಂಬ ಕಿರುಮಂಟಪಗಳ ನಡುವೆ, ರಜಪೂತ ಅರಮನೆಗಳ ಸಂಪ್ರದಾಯದಲ್ಲಿಲ್ಲದ ಗಡಿಯಾರದ ಗೋಪುರ ನಿಂತಿದೆ. ಗಂಟೆಗೆ ಸರಿಯಾಗಿ ಏಳುವ, ಓದುವ, ಆಡುವ ಶಿಸ್ತನ್ನು ದೊರೆಮಕ್ಕಳಿಗೆ ಕಲಿಸಲೆಂದೇ ಕಟ್ಟಿದ ಶಾಲೆಯಲ್ಲಿ ಆ ಗೋಪುರವನ್ನು ಬರಿಯ ಅಲಂಕಾರವೆಂದೆಣಿಸುವುದು ನನಗೆ ಸರಿಯೆನಿಸುವುದಿಲ್ಲ. ಪರಿಚಿತವಾದ ಅರಮನೆಯ ರೂಪದೊಳಗೆ ಅಪರಿಚಿತವಾದ ದಿನಚರಿಯನ್ನು ನೆಲೆಗೊಳಿಸಿದುದರಲ್ಲಿಯೇ ಈ ಕಟ್ಟಡದ ರಾಜಕೀಯ ಜಾಣತನವಿದೆ.

ಆದರೂ ಎಲ್ಲರಿಗೂ ಒಂದೇ ದಿನಚರಿಯೆಂಬ ಈ ಸಮಾನತೆಯ ಪಾಠ ಹಾಸ್ಟೆಲಿನ ಬಾಗಿಲಲ್ಲಿಯೇ ನಿಂತಿತು. ಜಯಪುರ, ಜೋಧಪುರ, ಬಿಕಾನೇರ ಮೊದಲಾದ ಸಂಸ್ಥಾನಗಳು ತಂತಮ್ಮ ಕುಮಾರರಿಗೆ ತಂತಮ್ಮ ವಸತಿಗೃಹಗಳನ್ನು ಕಟ್ಟಿಸಿದುದರಿಂದ, ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು ಸಂಜೆಗೆ ತಮ್ಮ ತಮ್ಮ ಮನೆತನದ ಸೂರಿಗೆ ಮರಳುತ್ತಿದ್ದರು. ಕಲಾವಿದ ಲಾಕ್‌ವುಡ್ ಕಿಪ್ಲಿಂಗ್ ರಚಿಸಿದ ಕಾಲೇಜಿನ ಲಾಂಛನದಲ್ಲಿ ಗುರಾಣಿಯ ಒಂದು ಪಕ್ಕಕ್ಕೆ ರಜಪೂತ ಯೋಧನೂ ಇನ್ನೊಂದು ಪಕ್ಕಕ್ಕೆ ಬುಡಕಟ್ಟಿನ ಭಿಲ್ಲ ಯೋಧನೂ ನಿಂತಿದ್ದಾರೆ. ರಜಪೂತನ ಮಕ್ಕಳಿಗೆ ತೆರೆದಿದ್ದ ತರಗತಿ ಭಿಲ್ಲನ ಮಕ್ಕಳಿಗೆ ತೆರೆದಿರಲಿಲ್ಲವೆಂಬುದನ್ನು ಆ ಲಾಂಛನವನ್ನು ಮೆಚ್ಚುವವರು ಮರೆಯಬಾರದು.

ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾಗಿ, ವಂಶದ ನಿರ್ಬಂಧ ಸಡಿಲಿ, ಶಾಲೆ ಇತರರಿಗೂ ಬಾಗಿಲು ತೆರೆಯಿತು. ಹಲವು ವಸತಿಗೃಹಗಳಿಗೆ ಮಾತ್ರ ಹಳೆಯ ಸಂಸ್ಥಾನಗಳ ಹೆಸರುಗಳೇ ಉಳಿದಿವೆ. ಜಯಪುರದ ಅರಸುಮನೆತನದೊಡನೆ ಯಾವ ನಂಟೂ ಇಲ್ಲದ ಹುಡುಗ ಇಂದು ಜಯಪುರ ಹೌಸಿನವನೆನ್ನಿಸಿಕೊಂಡು ಪಂದ್ಯಕ್ಕಿಳಿಯುತ್ತಾನೆ.